ಮಗುವಿಗೆ ಸಿನಿಮಾ ಚಾನ್ಸ್ ಸಿಕ್ಕಿತಾ? ಮೊದಲು ಜಾಕಿ ಕೂಗನ್ ಲೆಕ್ಕ ನೋಡಿ

ಮಗಳಿಗೆ ಏಳು ವರ್ಷ ಇದ್ದಾಗ ಒಂದು ಟಿವಿ ಜಾಹೀರಾತಿಗೆ ಆಯ್ಕೆಯಾದಳು. ನಾವಿರುವುದು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ. ಇಲ್ಲಿ ಶಾಲೆಗೆ ಹೋಗುವ ದಾರಿಯಲ್ಲೇ ಸ್ಟುಡಿಯೋ ಗೇಟುಗಳು ಸಿಗುತ್ತವೆ. ಕ್ಲಾಸಿನ ಗೆಳತಿ ಆಡಿಷನ್‌ಗೆ ಹೋದಳು ಅಂತ ಇವಳೂ ಹಟ ಮಾಡಿ ಹೋದಳು. ಕೆಲಸ ಇವಳಿಗೇ ಸಿಕ್ಕಿತು. ತಿಪಟೂರಿಗೆ ಫೋನ್ ಮಾಡಿದೆ. ಅಮ್ಮ ಹಿಗ್ಗಿಹೋದರು. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ದುಡ್ಡು ಯಾರ ಹೆಸರಿಗೆ ಬರುತ್ತಮ್ಮಾ?"

ಅಪ್ಪ ನಲವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. ಅವರಿಗೆ ಯಾವ ಸುದ್ದಿ ಹೇಳಿದರೂ ಮೊದಲು ಕಣ್ಣಿಗೆ ಬರುವುದು ಜಮಾ, ಖರ್ಚು ಎರಡು ಕಾಲಂ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹೆಸರಿಗೆ ಬರುತ್ತದೇನೋ, ಮಗು ಚಿಕ್ಕದಲ್ವಾ ಅಂದುಕೊಂಡೆ. ಉತ್ತರ ಹುಡುಕುತ್ತಾ ಹೋದಾಗ ಒಬ್ಬ ಹುಡುಗನ ಕಥೆ ಸಿಕ್ಕಿತು. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ನಟಿಸುವ ಮಕ್ಕಳ ಬ್ಯಾಂಕ್ ಖಾತೆಗೆ ಅವನ ಹೆಸರೇ ಇದೆ, ಕೂಗನ್ ಅಕೌಂಟ್ ಅಂತ.

ಆಮೇಲೆ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದಾಗೆಲ್ಲ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು, "ನಮ್ಮ ಮಗೂನೂ ಕಳಿಸೋಣ ಅಂತಿದ್ದೀವಿ, ಹೇಗೆ ಮಾಡಬೇಕು?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಜಾಕಿಯ ಕಥೆ ಬಿಟ್ಟು ಬರೀ ಫಾರಂಗಳ ಪಟ್ಟಿ ಕೊಟ್ಟರೆ ಆ ಫಾರಂಗಳು ಯಾಕೆ ಬೇಕು ಅನ್ನುವುದು ತಿಳಿಯುವುದಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಈ ಹುಡುಗನನ್ನು ನೋಡಿ

ಜಾಕಿ ಕೂಗನ್ ಹುಟ್ಟಿದ್ದು 1914ರಲ್ಲಿ, ಲಾಸ್ ಏಂಜಲೀಸ್‌ನಲ್ಲೇ. ಅಪ್ಪ ಅಮ್ಮ ಇಬ್ಬರೂ ವಾಡ್ವಿಲ್ ಕಲಾವಿದರು. ಹಾಡು, ಕುಣಿತ, ನಗೆಯಾಟ ಎಲ್ಲವನ್ನೂ ಒಂದೇ ಟಿಕೆಟ್‌ಗೆ ತೋರಿಸುವ ಆಟಕ್ಕೆ ಇಲ್ಲಿ ವಾಡ್ವಿಲ್ ಅನ್ನುತ್ತಿದ್ದರು. 1919ರಲ್ಲಿ ಆರ್ಫಿಯಮ್ ಥಿಯೇಟರ್‌ನಲ್ಲಿ ಅಪ್ಪನ ಕುಣಿತ ಇತ್ತು. ಪುಟ್ಟ ಜಾಕಿಯೂ ವೇದಿಕೆಗೆ ಬಂದು ಮೈ ಕುಣಿಸಿದ. ಅವತ್ತು ನೋಡಲು ಬಂದವರಲ್ಲಿ ಚಾರ್ಲಿ ಚಾಪ್ಲಿನ್ ಇದ್ದರು. ಮೊದಲು ಒಂದು ಕಿರುಚಿತ್ರದಲ್ಲಿ ಸಣ್ಣ ಪಾತ್ರ ಕೊಟ್ಟರು. ಆಮೇಲೆ 1921ರಲ್ಲಿ 'ದಿ ಕಿಡ್' ಬಂತು. ಆರು ವರ್ಷದ ಹುಡುಗ ರಾತ್ರೋರಾತ್ರಿ ಲೋಕಕ್ಕೆಲ್ಲ ಗೊತ್ತಾದ.

ಆ ಸಿನಿಮಾದಲ್ಲಿ ಅನಾಥಾಶ್ರಮದವರು ಹುಡುಗನನ್ನು ಎಳೆದುಕೊಂಡು ಹೋಗುವ ದೃಶ್ಯ ಇದೆ. ಕೈ ಚಾಚಿ ಅಳುತ್ತಾನೆ. ನೂರು ವರ್ಷ ಆದರೂ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಕಲೆಸಿದ ಹಾಗಾಗುತ್ತದೆ. ಆ ಅಳು ಬಂದದ್ದು ಹೇಗೆ ಅಂತ ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಜಾಕಿ ಅವತ್ತು ಖುಷಿಯಾಗಿದ್ದ, ಅಳುವೇ ಬರುತ್ತಿರಲಿಲ್ಲ. ಆಗ ಅವನ ಅಪ್ಪ, ನಾನು ಅಳಿಸುತ್ತೇನೆ ಅಂದರು. ಅಳದೆ ಹೋದರೆ ಸ್ಟುಡಿಯೋದಿಂದ ನಿಜವಾಗಲೂ ವರ್ಕ್‌ಹೌಸ್‌ಗೆ, ಅಂದರೆ ದಿಕ್ಕಿಲ್ಲದವರನ್ನು ಇಡುವ ಮನೆಗೆ, ಕಳಿಸುತ್ತೇವೆ ಅಂತ ಮಗನಿಗೆ ಹೇಳಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಶಾಟ್ ಮುಗಿದ ಮೇಲೆ ಚಾಪ್ಲಿನ್ ಅವನನ್ನು ಎತ್ತಿಕೊಂಡು, ನಿನ್ನನ್ನು ಯಾರೂ ಕರೆದುಕೊಂಡು ಹೋಗಲ್ಲ ಅಂತ ಸಮಾಧಾನ ಮಾಡಿದರು. ಆಗ ಜಾಕಿ ಪಿಸುದನಿಯಲ್ಲಿ, ನನಗೆ ಗೊತ್ತಿತ್ತು, ಡ್ಯಾಡಿ ಸುಮ್ನೆ ಹೇಳಿದ್ದು ಅಂದನಂತೆ.

ಈ ಮಾತನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಗು ಅಪ್ಪ ಅಮ್ಮನನ್ನು ಅಷ್ಟು ನಂಬುತ್ತದೆ. ಹೆದರಿಸಿದರೂ ನಂಬುತ್ತದೆ. ದುಡ್ಡಿನ ವಿಷಯದಲ್ಲೂ ಜಾಕಿ ಹೀಗೇ ನಂಬಿದ್ದ. ಅಪ್ಪ ಎಲ್ಲವನ್ನೂ ನನಗಾಗಿ ತೆಗೆದಿಟ್ಟಿದ್ದಾರೆ ಅಂದುಕೊಂಡೇ ಬೆಳೆದ.

ದುಡ್ಡು ಸಣ್ಣದಲ್ಲ. 1923ರಲ್ಲಿ ಮೆಟ್ರೋ ಎಂಬ ಸಿನಿಮಾ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೇ 5 ಲಕ್ಷ ಡಾಲರ್ ಕೊಟ್ಟಿತು. ಅವನ ಮುಖ ಹಾಕಿದ ಗೊಂಬೆ, ಸೀಟಿ, ಬರೆಯುವ ಹಾಳೆ, ಪೀನಟ್ ಬಟರ್ ಎಲ್ಲ ಅಂಗಡಿಗೆ ಬಂದವು. 1924ರಲ್ಲಿ ಅರ್ಮೇನಿಯಾ, ಗ್ರೀಸ್ ಕಡೆಯ ಅನಾಥ ಮಕ್ಕಳಿಗಾಗಿ ಅಮೆರಿಕ, ಯೂರೋಪ್ ಸುತ್ತಿ 10 ಲಕ್ಷ ಡಾಲರಿಗೂ ಜಾಸ್ತಿ ಬೆಲೆಯ ಅನ್ನ, ಬಟ್ಟೆ ಕೂಡಿಸಿದ. ಒಟ್ಟಾರೆ ಅವನು ದುಡಿದದ್ದು 30ರಿಂದ 40 ಲಕ್ಷ ಡಾಲರ್. ಅವನ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ ಆರೂಕಾಲು ಡಾಲರ್.

ಆಡಿಷನ್‌ಗೆ ಮೊದಲು: ದುಡ್ಡು ಕೇಳಿದರೆ ಎದ್ದು ಬನ್ನಿ

ಇಲ್ಲಿ ನಾನು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಮಾಲ್‌ನಲ್ಲಿ ಒಬ್ಬರು ಮಗಳನ್ನು ನೋಡಿ, ಇವಳ ಕಣ್ಣು ಕ್ಯಾಮೆರಾಗೇ ಮಾಡಿದ್ದು ಅಂದರು. ಕಾರ್ಡ್ ಕೊಟ್ಟರು. ಶನಿವಾರ ಹೋದೆವು. ಗೋಡೆ ತುಂಬ ಫೋಟೋ. ಫೋಟೋ ಶೂಟ್‌ಗೆ, ತರಬೇತಿಗೆ, ಏಜೆಂಟರಿಗೆ ತೋರಿಸುವುದಕ್ಕೆ ಅಂತ 600 ಡಾಲರ್ ತೆಗೆದುಕೊಂಡರು. ಒಂದು ಫೋನ್ ಕೂಡ ಬರಲಿಲ್ಲ.

ಅವರು ಮಾಡಿದ್ದು ಕಾನೂನಿಗೇ ವಿರುದ್ಧ ಅಂತ ಆಮೇಲೆ ಗೊತ್ತಾಯಿತು. ಕೆಲಸ ಕೊಡಿಸುತ್ತೇವೆ ಅಂತ ಹೇಳಿ ಮುಂಗಡ ಹಣ ವಸೂಲಿ ಮಾಡುವುದನ್ನು ಕ್ಯಾಲಿಫೋರ್ನಿಯಾ 2010ರಿಂದ ನಿಷೇಧಿಸಿದೆ. ಸರಿಯಾದ ಏಜೆಂಟ್‌ಗೆ ಕಮಿಷನ್ ಸಿಗುವುದು ಮಗುವಿಗೆ ಕೆಲಸ ಸಿಕ್ಕು ಸಂಬಳ ಬಂದ ಮೇಲೆ. ನಟರ ಸಂಘ ಸ್ಯಾಗ್-ಆಫ್ಟ್ರಾ ನಿಯಮದಲ್ಲಿ ಅದು ನೂರಕ್ಕೆ 10. ಏಜೆಂಟರು ರಾಜ್ಯದ ಲೇಬರ್ ಕಮಿಷನರ್ ಕಚೇರಿಯಿಂದ ಲೈಸೆನ್ಸ್ ಪಡೆದಿರಬೇಕು. ಆ ಕಚೇರಿಯ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಕ್ಕಳಿಗೆ ನಟನೆ ಹೇಳಿಕೊಡುವವರು, ಫೋಟೋ ತೆಗೆಯುವವರು, ಮ್ಯಾನೇಜರ್ ಆಗಿರುವವರು ಬೆರಳಚ್ಚು ಕೊಟ್ಟು, ಹಿನ್ನೆಲೆ ಪರಿಶೀಲನೆ ಆಗಿ, ಪರ್ಮಿಟ್ ತೆಗೆದುಕೊಳ್ಳಬೇಕು ಅಂತ 2012ರಲ್ಲಿ ಇಲ್ಲಿ ಕಾನೂನು ಬಂದಿದೆ. ಆ ಪರ್ಮಿಟ್ ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ನಮ್ಮವರಿಗೆ ಇಂಥ ಕಡೆ ಸಂಕೋಚ ಜಾಸ್ತಿ. ಮಗುವಿನ ವಿಷಯದಲ್ಲಿ ಸಂಕೋಚ ಪಡಬಾರದು.

ಪರ್ಮಿಟ್

ಇದು ಸುಲಭ. 15 ದಿನದ ಕೂಸಿನಿಂದ ಹಿಡಿದು 18 ತುಂಬುವವರೆಗೆ ಕ್ಯಾಲಿಫೋರ್ನಿಯಾದಲ್ಲಿ ಯಾವ ಮಗು ಕ್ಯಾಮೆರಾ ಮುಂದೆ ಕೆಲಸ ಮಾಡಿದರೂ ಲೇಬರ್ ಕಮಿಷನರ್ ಕಚೇರಿಯ ಪರ್ಮಿಟ್ ಬೇಕು. ಆರು ತಿಂಗಳಿಗೆ ಕೊಡುತ್ತಾರೆ, ದುಡ್ಡಿಲ್ಲ. ಶಾಲೆಗೆ ಹೋಗುವ ಮಗುವಾದರೆ ಹಾಜರಿ, ಅಂಕ, ಆರೋಗ್ಯ ಮೂರೂ ಸರಿ ಇದೆ ಅಂತ ಶಾಲೆಯವರು ಸಹಿ ಹಾಕಬೇಕು. ನಾಳೆಯೇ ಶೂಟಿಂಗ್ ಇದ್ದರೆ 50 ಡಾಲರ್ ಕಟ್ಟಿ ಆನ್‌ಲೈನ್‌ನಲ್ಲಿ 10 ದಿನದ ತಾತ್ಕಾಲಿಕ ಪರ್ಮಿಟ್ ತೆಗೆದುಕೊಳ್ಳಬಹುದು, ಆದರೆ ಒಂದು ಮಗುವಿಗೆ ಒಂದೇ ಸಲ. ನಾನು ಹೇಳುವುದೇನೆಂದರೆ, ಆಡಿಷನ್ ಶುರುಮಾಡುವ ಮೊದಲೇ ಆರು ತಿಂಗಳದ್ದಕ್ಕೆ ಅರ್ಜಿ ಹಾಕಿಬಿಡಿ. ಶಾಲೆಗೆ ರಜೆ ಬಂದರೆ ಸಹಿಗೆ ಅಲೆದಾಡಬೇಕಾಗುತ್ತದೆ.

ಖಾತೆ: ಇದೇ ಮುಖ್ಯ

ಜಾಕಿಗೆ 20 ವರ್ಷ. 1935ರ ಮೇ ತಿಂಗಳಲ್ಲಿ ಅಪ್ಪನ ಜೊತೆ ಕಾರಿನಲ್ಲಿ ಬರುತ್ತಿದ್ದ. ಕಾರಿನಲ್ಲಿ ಐದು ಜನ. ಸ್ಯಾನ್ ಡಿಯಾಗೋ ಕಡೆಯ ಬೆಟ್ಟದ ರಸ್ತೆಯಲ್ಲಿ ಕಾರು ಉರುಳಿತು. ಅಪ್ಪ ಹೋದರು. ಜೊತೆಗಿದ್ದ ಗೆಳೆಯ, ಬಾಲನಟ ಜೂನಿಯರ್ ಡರ್ಕಿನ್ ಕೂಡ ಹೋದ. ಉಳಿದದ್ದು ಜಾಕಿ ಒಬ್ಬನೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ 21 ತುಂಬಿತು. ದುಡ್ಡು ಕೈಗೆ ಬರುತ್ತದೆ ಅಂತ ಕಾದ. ಬರಲಿಲ್ಲ. ಮನೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಆರ್ಥರ್ ಬರ್ನ್‌ಸ್ಟೀನ್ ಎಂಬುವರನ್ನು ಅಮ್ಮ ಮದುವೆಯಾದರು. ಕೇಳಿದರೆ, ನಿನಗೆ ಅಂತ ಏನೂ ಇಲ್ಲ ಅಂದರು. 1938ರ ಏಪ್ರಿಲ್‌ನಲ್ಲಿ ಜಾಕಿ ಹೆತ್ತ ತಾಯಿಯ ಮೇಲೇ ಕೋರ್ಟಿಗೆ ಹೋದ. 21ರ ಒಳಗೆ ಮಗು ದುಡಿದ ಪ್ರತಿ ಡಾಲರೂ ಅಪ್ಪ ಅಮ್ಮನದು ಅಂತ ಅಮ್ಮನ ವಾದ. ಅವನು ಕ್ಯಾಮೆರಾ ಮುಂದೆ ಆಟ ಆಡುತ್ತಿದ್ದ, ಕೆಲಸ ಮಾಡುತ್ತಿರಲಿಲ್ಲ ಅಂತಲೂ ಅಂದರು.

ಇದರಲ್ಲಿ ನನ್ನನ್ನು ಬೆಚ್ಚಿ ಬೀಳಿಸಿದ್ದು ಏನು ಗೊತ್ತಾ? ಆಗಿನ ಕಾನೂನಿನ ಪ್ರಕಾರ ಅಮ್ಮ ಹೇಳಿದ್ದು ಸರಿಯೇ ಇತ್ತು. ಮಗುವಿನ ದುಡಿಮೆ ಹೆತ್ತವರದು ಅಂತಲೇ ಪುಸ್ತಕದಲ್ಲಿ ಬರೆದಿತ್ತು. ತುಪ್ಪಳದ ಕೋಟು, ವಜ್ರ, ಕಾರು ಅಂತ ಬಹುಪಾಲು ಕರಗಿಹೋಗಿತ್ತು. 1939ರಲ್ಲಿ ರಾಜಿಯಾಯಿತು. ಉಳಿದದ್ದರಲ್ಲಿ ಅರ್ಧ, ಸುಮಾರು 1 ಲಕ್ಷ 26 ಸಾವಿರ ಡಾಲರ್, ಜಾಕಿಗೆ ಬಂತು. ಕೇಸು ನಡೆಯುತ್ತಿದ್ದ ಕಾಲಕ್ಕೇ ನಟಿ ಬೆಟ್ಟಿ ಗ್ರೇಬಲ್ ಜೊತೆಗಿನ ಮದುವೆಯೂ ಮುರಿಯಿತು. ಕೈಯಲ್ಲಿ ಕಾಸಿಲ್ಲದೆ ಚಾಪ್ಲಿನ್ ಹತ್ತಿರ ಹೋದಾಗ ಅವರು ಹಿಂದೆಮುಂದೆ ನೋಡದೆ 1,000 ಡಾಲರ್ ಕೊಟ್ಟರು.

ಆ ವರ್ಷವೇ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಅದೇ ಕೂಗನ್ ಆಕ್ಟ್. ಆದರೆ ಅದರಲ್ಲಿ ತೂತುಗಳಿದ್ದವು. ಕೋರ್ಟಿನ ಒಪ್ಪಿಗೆ ಪಡೆದ ಒಪ್ಪಂದಗಳಿಗೆ ಮಾತ್ರ ಅನ್ವಯ ಆಗುತ್ತಿತ್ತು. ಹೆಸರಾಂತ ಬಾಲನಟಿ ಶರ್ಲಿ ಟೆಂಪಲ್ ದೊಡ್ಡವಳಾಗಿ ಲೆಕ್ಕ ತೆಗೆದಾಗ 32 ಲಕ್ಷ ಡಾಲರಿನಲ್ಲಿ ಉಳಿದಿದ್ದದ್ದು 44 ಸಾವಿರ. 1978ರಿಂದ 86ರವರೆಗೆ ಟಿವಿಯಲ್ಲಿ ಅಮೆರಿಕವನ್ನೆಲ್ಲ ನಗಿಸಿದ ಗ್ಯಾರಿ ಕೋಲ್ಮನ್ 1989ರಲ್ಲಿ ಹೆತ್ತವರ ಮೇಲೆ ಕೇಸು ಹಾಕಿದ. 1993ರಲ್ಲಿ 12.8 ಲಕ್ಷ ಡಾಲರ್ ಕೊಡಬೇಕು ಅಂತ ತೀರ್ಪು ಬಂತು. ಆದರೂ 1999ಕ್ಕೆ ಅವನು ದಿವಾಳಿ ಅರ್ಜಿ ಹಾಕಬೇಕಾಯಿತು. ನಡುವೆ ಸೆಕ್ಯುರಿಟಿ ಗಾರ್ಡ್ ಕೆಲಸವನ್ನೂ ಮಾಡಿದ. 2010ರಲ್ಲಿ 42ನೇ ವಯಸ್ಸಿಗೆ ತೀರಿಕೊಂಡ.

ಈಗಿನ ಬಿಗಿಯಾದ ನಿಯಮ ಬಂದದ್ದು 2000ದ ಜನವರಿಯಿಂದ. ಅದು ಹೇಳುವುದು ಎರಡು ಮಾತು. ಒಂದು, ಮಗು ದುಡಿದದ್ದು ಮಗುವಿನದೇ, ಹೆತ್ತವರದಲ್ಲ. ಎರಡು, ಒಟ್ಟು ಸಂಬಳದಲ್ಲಿ ನೂರಕ್ಕೆ 15ನ್ನು ಕೆಲಸ ಕೊಟ್ಟವರೇ ನೇರವಾಗಿ ಮಗುವಿನ ಟ್ರಸ್ಟ್ ಖಾತೆಗೆ ಹಾಕಬೇಕು. 18 ತುಂಬುವವರೆಗೆ ಕೋರ್ಟಿನ ಆದೇಶ ಇಲ್ಲದೆ ಯಾರೂ ಅದನ್ನು ತೆಗೆಯುವಂತಿಲ್ಲ, ಹೆತ್ತವರು ಕೂಡ. ನ್ಯೂಯಾರ್ಕ್, ಇಲಿನಾಯ್, ಲೂಸಿಯಾನಾ, ನ್ಯೂ ಮೆಕ್ಸಿಕೋಗಳಲ್ಲೂ ಇಂಥ ಖಾತೆ ಕೇಳುತ್ತಾರೆ. ದೃಶ್ಯದ ಹಿನ್ನೆಲೆಯಲ್ಲಿ ಗುಂಪಾಗಿ ನಿಲ್ಲುವ ಎಕ್ಸ್‌ಟ್ರಾ ಕೆಲಸಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇದು ಕಡ್ಡಾಯ ಅಲ್ಲ.

ಖಾತೆ ತೆರೆಯುವುದು ಹೇಗೆ? ನಾನು ಮೊದಲು ನಮ್ಮ ಮನೆ ಹತ್ತಿರದ ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ನಗುನಗುತ್ತಾ ಮಕ್ಕಳ ಉಳಿತಾಯ ಖಾತೆ ತೆರೆದುಕೊಟ್ಟ. ಹಂದಿಯಾಕಾರದ ಒಂದು ಹುಂಡಿಯನ್ನೂ ಕೊಟ್ಟ. ಮಗಳು ಕುಣಿದಳು. ಆ ಖಾತೆಯ ನಂಬರ್ ಕಳಿಸಿದರೆ ಪ್ರೊಡಕ್ಷನ್ ಆಫೀಸಿನವರು ಒಪ್ಪಲಿಲ್ಲ, ಇದು ಕೂಗನ್ ಅಲ್ಲ ಅಂದರು. ಮಾಮೂಲಿ ಮಕ್ಕಳ ಖಾತೆಯಿಂದ ಅಪ್ಪ ಅಮ್ಮ ಯಾವಾಗ ಬೇಕಾದರೂ ದುಡ್ಡು ತೆಗೆಯಬಹುದು. ಕೂಗನ್ ಖಾತೆಗೆ ಬೀಗ ಇರುತ್ತದೆ. ಎಲ್ಲ ಬ್ಯಾಂಕ್‌ಗಳೂ ಇದನ್ನು ಕೊಡುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ, "ಕೂಗನ್ ಟ್ರಸ್ಟ್ ಅಕೌಂಟ್, ಬ್ಲಾಕ್ಡ್" ಅಂತ ಅದೇ ಮಾತಿನಲ್ಲಿ ಕೇಳಿ. ನಟರಿಗಾಗಿಯೇ ಇರುವ ಕ್ರೆಡಿಟ್ ಯೂನಿಯನ್‌ಗಳಲ್ಲಿ (ನಮ್ಮ ಸಹಕಾರಿ ಬ್ಯಾಂಕಿನಂಥವು) ಬೇಗ ಆಗುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ನಂಬರ್, ನಿಮ್ಮ ಗುರುತಿನ ಚೀಟಿ ಇಟ್ಟುಕೊಂಡಿರಿ.

ಖಾತೆಯ ದಾಖಲೆಯ ಪ್ರತಿಯನ್ನು ಶೂಟಿಂಗ್ ದಿನವೇ ಕೆಲಸ ಕೊಟ್ಟವರಿಗೆ ಕೊಡಿ. ಕೊಡದಿದ್ದರೆ ಆ 15 ಭಾಗ ಎಂಟರ್‌ಟೈನ್‌ಮೆಂಟ್ ಕಮ್ಯೂನಿಟಿ ಫಂಡ್ ಎಂಬ ಸಂಸ್ಥೆಗೆ ಹೋಗಿ ಕೂರುತ್ತದೆ. ಹಿಂದೆ ಅದರ ಹೆಸರು ಆಕ್ಟರ್ಸ್ ಫಂಡ್. ದುಡ್ಡು ಕಳೆದುಹೋಗುವುದಿಲ್ಲ, ಆದರೆ ಕೇಳಿ ಪಡೆಯಬೇಕು. ನಿಮ್ಮ ಮಗು ಹಿಂದೆಂದೋ ಕೆಲಸ ಮಾಡಿದ್ದರೆ ಅಲ್ಲಿ ಒಮ್ಮೆ ವಿಚಾರಿಸಿ.

ಉಳಿದ 85ರ ಲೆಕ್ಕ

ಕಾನೂನು ಬೀಗ ಹಾಕುವುದು 15ಕ್ಕೆ ಮಾತ್ರ. ಉಳಿದದ್ದೂ ಮಗುವಿನದೇ, ಆದರೆ ಅದು ನಿಮ್ಮ ಕೈಯಲ್ಲಿ ಇರುತ್ತದೆ. ಕೆಟ್ಟದ್ದು ನಡೆಯುವುದು ಇಲ್ಲೇ. ಅದೂ ಕಳ್ಳತನದ ಹಾಗೆ ನಡೆಯುವುದಿಲ್ಲ. ಈ ತಿಂಗಳು ಬಾಡಿಗೆಗೆ ಸ್ವಲ್ಪ ಕಡಿಮೆ ಇದೆ, ಮುಂದಿನ ತಿಂಗಳು ಹಾಕೋಣ ಅಂತ ಶುರುವಾಗುತ್ತದೆ.

ಮಗಳ ಮೊದಲ ಚೆಕ್ ಬಂದಾಗ ಅಪ್ಪ ಫೋನ್‌ನಲ್ಲೇ ಲೆಕ್ಕ ಬರೆಸಿದರು. 1,000 ಡಾಲರ್ ಅಂದುಕೊಳ್ಳಿ. ಕೂಗನ್ ಖಾತೆಗೆ 150. ಏಜೆಂಟ್‌ಗೆ 100. ತೆರಿಗೆ ಎಷ್ಟು ಹಿಡಿದರೋ ಅಷ್ಟು. ಮಿಕ್ಕಿದ್ದು ಅವಳ ಹೆಸರಿನ ಎರಡನೇ ಖಾತೆಗೆ. "ನಿನ್ನ ಖಾತೆಗೆ ಒಂದು ಪೈಸೆ ಹೋಗಬಾರದು. ಒಂದು ಸಲ ಬೆರೆತರೆ ಆಮೇಲೆ ಯಾವುದು ಯಾರದು ಅಂತ ದೇವರಿಗೂ ಗೊತ್ತಾಗಲ್ಲ" ಅಂದರು. ಮಂಡಿಯಲ್ಲಿ ರೈತನ ಕೊಬ್ಬರಿ ದುಡ್ಡನ್ನು ಅಂಗಡಿ ಗಲ್ಲಾಪೆಟ್ಟಿಗೆಯಲ್ಲಿ ಬೆರೆಸಿದ ದಿನದಿಂದಲೇ ಜಗಳ ಶುರು ಅನ್ನುವುದು ಅವರ ಅನುಭವ.

ನಾನು ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅವಳ ಕೆಲಸಕ್ಕೇ ಆದ ಖರ್ಚು ಮಾತ್ರ ಬಲಕ್ಕೆ: ಫೋಟೋ, ಪಾರ್ಕಿಂಗ್, ಪೆಟ್ರೋಲ್. ಮನೆ ದಿನಸಿ ಬರಲ್ಲ. ನನ್ನ ಕಾಫಿ ಬರಲ್ಲ. ಪ್ರತಿ ಸಾಲಿಗೂ ರಸೀದಿ ಅಂಟಿಸುತ್ತೇನೆ. ವರ್ಷಕ್ಕೊಮ್ಮೆ ಅವಳ ಹೆಸರಿನಲ್ಲೇ ತೆರಿಗೆ ರಿಟರ್ನ್ ಹಾಕಿಸುತ್ತೇನೆ.

ಇನ್ನೊಂದು ಕೆಲಸ ಜನ ಮರೆಯುತ್ತಾರೆ. ನಾಳೆ ನಮಗೆ ಏನಾದರೂ ಆದರೆ ಈ ಲೆಕ್ಕ ಯಾರು ನೋಡುತ್ತಾರೆ? ಜಾಕಿಯ ವಿಷಯದಲ್ಲಿ ಎಲ್ಲವೂ ಅಪ್ಪನ ಮೇಲೆ ನಿಂತಿತ್ತು. ಅಪ್ಪ ಹೋದ ದಿನ ಜಾಕಿಯ ಕೈಯಲ್ಲಿ ತೋರಿಸುವುದಕ್ಕೆ ಒಂದು ಕಾಗದ ಇರಲಿಲ್ಲ. ನಾನೂ ನನ್ನ ಗಂಡನೂ ವಿಲ್ ಬರೆಸಿದ್ದೇವೆ, ಅದರಲ್ಲಿ ಈ ಎರಡು ಖಾತೆಗಳ ಹೆಸರು ಹಾಕಿಸಿದ್ದೇವೆ. ಖಾತೆ ನೋಡಿಕೊಳ್ಳಲು ನಮ್ಮ ನಂತರ ಯಾರು ಅಂತ ಒಬ್ಬರನ್ನು ಸೂಚಿಸಿದ್ದೇವೆ. ಆ ನೋಟ್‌ಬುಕ್‌ನ ಫೋಟೋ ಮೂರು ತಿಂಗಳಿಗೊಮ್ಮೆ ನನ್ನ ತಮ್ಮನಿಗೆ ಹೋಗುತ್ತದೆ. ಒಬ್ಬರ ಕಣ್ಣು ಸಾಲದು, ಇನ್ನೊಬ್ಬರು ನೋಡುತ್ತಿರಬೇಕು.

ಶೂಟಿಂಗ್ ದಿನ

ಗಂಟೆಗಳ ಲೆಕ್ಕ ಬಾಯಿಪಾಠ ಇರಲಿ. ಆರು ತಿಂಗಳೊಳಗಿನ ಕೂಸು ಸೆಟ್‌ನಲ್ಲಿ 2 ಗಂಟೆ ಮಾತ್ರ ಇರಬಹುದು, ಅದರಲ್ಲಿ ಕೆಲಸ 20 ನಿಮಿಷ. ಎರಡು ವರ್ಷದೊಳಗೆ 4 ಗಂಟೆ, ಕೆಲಸ 2. ಎರಡರಿಂದ ಆರರೊಳಗೆ 6 ಗಂಟೆ, ಕೆಲಸ 3. ಆರರಿಂದ ಒಂಬತ್ತರೊಳಗೆ 8 ಗಂಟೆ. ಶಾಲೆಯ ದಿನವಾದರೆ ಅದರಲ್ಲಿ ಕೆಲಸ 4, ಪಾಠ 3, ವಿಶ್ರಾಂತಿ 1. ಒಂಬತ್ತರಿಂದ ಹದಿನಾರರೊಳಗೆ 9 ಗಂಟೆ, ಕೆಲಸ 5. ಊಟದ ಅರ್ಧ ಗಂಟೆ ಬೇರೆ. ಮಾರನೇ ದಿನ ಶಾಲೆ ಇದ್ದರೆ ರಾತ್ರಿ 10ಕ್ಕೆ ಮುಗಿಯಬೇಕು. ಮನೆಗೆ ಬಿಟ್ಟ ಮೇಲೆ 12 ಗಂಟೆ ಆಗುವವರೆಗೆ ಮತ್ತೆ ಕರೆಯುವಂತಿಲ್ಲ.

ಇದನ್ನು ಕಾಯುವವರು ಸ್ಟುಡಿಯೋ ಟೀಚರ್. ಪಾಠ ಹೇಳುವುದಷ್ಟೇ ಅಲ್ಲ, ಮಗುವಿನ ಆರೋಗ್ಯ, ಸುರಕ್ಷತೆ ಎಲ್ಲಾ ಅವರ ಜವಾಬ್ದಾರಿ. ಬೇಕೆಂದರೆ ಮಗುವನ್ನು ಸೆಟ್‌ನಿಂದ ಹೊರಗೆ ಕರೆದುಕೊಂಡು ಹೋಗುವ ಅಧಿಕಾರ ಅವರಿಗಿದೆ.

ನಮಗೆ ಸಿಕ್ಕವರು ಅರವತ್ತು ದಾಟಿದ ಹೆಂಗಸು. ಒಂದು ತಗಡಿನ ಡಬ್ಬಿ ತುಂಬ ಚೂಪು ಮಾಡಿದ ಪೆನ್ಸಿಲ್. ಕುತ್ತಿಗೆಗೆ ಸ್ಟಾಪ್‌ವಾಚ್. ಮಗಳು ಬಟ್ಟಲಿಗೆ ಹಾಲು ಸುರಿದು ನಗಬೇಕಿತ್ತು, ಅಷ್ಟೇ. ಹಾಲು ಸುರಿದದ್ದು ಹದಿನೇಳು ಸಲ. ಮೊದಲ ಐದು ಸಲ ಅವಳು ನಿಜವಾಗಿ ನಕ್ಕಳು. ಆಮೇಲೆ ನಗು ತುಟಿಯಲ್ಲಿ ಮಾತ್ರ ಇತ್ತು. ಹದಿನೇಳರ ನಂತರ ನಿರ್ದೇಶಕರು ಇನ್ನೊಂದೇ ಒಂದು ಅಂದರು. ನಾನು ತಲೆಯಾಡಿಸುವುದರಲ್ಲಿದ್ದೆ. ಟೀಚರ್ ಎದ್ದು ನಿಂತು ವಾಚ್ ಒತ್ತಿ, "ಟೈಮ್" ಅಂದರು. ಜೋರಾಗಿ ಕೂಡ ಅನ್ನಲಿಲ್ಲ. ಮೂವತ್ತು ಜನ ದೀಪ ಆರಿಸಿ ಪಕ್ಕಕ್ಕೆ ಸರಿದರು. ಮಗಳ ಅಂಗಿಯ ತೋಳು ಮೊಣಕೈವರೆಗೆ ಹಾಲಿನಲ್ಲಿ ನೆನೆದಿತ್ತು. ಅದುವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

16ರೊಳಗಿನ ಮಗುವಾದರೆ ನೀವು ಕಣ್ಣಳತೆಯಲ್ಲೋ ಕಿವಿಯಳತೆಯಲ್ಲೋ ಇರಲೇಬೇಕು. ಅದು ನಿಮ್ಮ ಹಕ್ಕು. ಬೇರೆ ಕೋಣೆಯಲ್ಲಿ ಕಾಫಿ ಕುಡಿಯಿರಿ ಅಂದರೆ ಬೇಡ ಅನ್ನಿ. ಅಳುವ ದೃಶ್ಯ ಇದ್ದರೆ ಮೊದಲೇ ಕೇಳಿ, ಹೇಗೆ ಅಳಿಸುತ್ತೀರಿ ಅಂತ. ಕಣ್ಣಿಗೆ ಹನಿ ಹಾಕುವುದು ಇದೆ, ಆಟದ ಹಾಗೆ ಕಲಿಸುವುದು ಇದೆ. ಅಮ್ಮ ಬಿಟ್ಟುಹೋಗುತ್ತಾಳೆ ಅಂತ ಯಾರೂ ಹೇಳಕೂಡದು. ನೀವೂ ಹೇಳಕೂಡದು.

ಕೂದಲು ಕತ್ತರಿಸಿದ ಮೇಲೆ

ಜಾಕಿಗೆ ಕುತ್ತಿಗೆವರೆಗೆ ಬಾಬ್ ಕಟ್ ಇತ್ತು. ಅದೇ ಅವನ ಗುರುತು. 1927ರಲ್ಲಿ ಅವನ ಕೂದಲು ಕತ್ತರಿಸುವುದನ್ನೇ ಹೆಸರು ಮಾಡಿಕೊಂಡು ಒಂದು ಸಿನಿಮಾ ತೆಗೆದರು. ಹನ್ನೆರಡು ವರ್ಷದ ಹುಡುಗನ ಕ್ಷೌರ ಊರಿಗೆಲ್ಲ ಸುದ್ದಿ. ಅಲ್ಲಿಂದ ಮುಂದೆ ಅವಕಾಶ ಕಡಿಮೆಯಾಗುತ್ತಾ ಬಂತು. ಅವನು ತಪ್ಪೇನೂ ಮಾಡಿರಲಿಲ್ಲ. ಬೆಳೆದಿದ್ದ, ಅಷ್ಟೇ.

ಇದಕ್ಕೆ ತಯಾರಿ ಮೊದಲ ದಿನದಿಂದಲೇ ಬೇಕು. ನಾವು ಮನೆಯಲ್ಲಿ ಎರಡು ಕಟ್ಟುಪಾಡು ಮಾಡಿಕೊಂಡಿದ್ದೆವು. ಶನಿವಾರದ ಫುಟ್‌ಬಾಲ್ ತಪ್ಪಿಸಿ ಆಡಿಷನ್ ಇಲ್ಲ. ಮನೆಗೆ ಬಂದವರಿಗೆ ಅವಳ ಜಾಹೀರಾತು ಹಾಕಿ ತೋರಿಸುವುದಿಲ್ಲ, ಅವಳೇ ಕೇಳಿದರೆ ಬೇರೆ ಮಾತು. ನೆಂಟರು ಬಂದಾಗ "ಏನು ಹೀರೋಯಿನ್" ಅಂತ ಕರೆಯುತ್ತಿದ್ದರು. ಅವಳ ಹೆಸರು ಹಿಡಿದೇ ಕರೆಯಿರಿ ಅಂತ ಕೈಮುಗಿದು ಹೇಳಿದೆ. ಆಯ್ಕೆಯಾಗದ ದಿನ ಅವಳಿಗೆ ಇಷ್ಟ ಅಂತ ಅಕ್ಕಿರೊಟ್ಟಿ ಮಾಡುತ್ತಿದ್ದೆ. ಆಯ್ಕೆಯಾದ ದಿನವೂ ಅಕ್ಕಿರೊಟ್ಟಿಯೇ.

ಜಾಕಿ ಮುಳುಗಿಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. 1941ರಲ್ಲಿ ಸೈನ್ಯಕ್ಕೆ ಸೇರಿದ, ಗ್ಲೈಡರ್ ಪೈಲಟ್ ಆದ. ನಮ್ಮ ದೇಶಕ್ಕೂ ಬಂದಿದ್ದ. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್‌ನಿಂದ ಎಂಜಿನ್ ಇಲ್ಲದ ಗ್ಲೈಡರ್‌ಗಳು ಹೊರಟವು. ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ ಅವರ ಚಿಂಡಿಟ್ ಪಡೆಯ ಸೈನಿಕರನ್ನು ಹೊತ್ತು ಬರ್ಮಾ ಕಾಡಿನಲ್ಲಿ ಜಪಾನಿಯರ ಬೆನ್ನ ಹಿಂದೆ ಇಳಿದವು. ಆ ಕಾರ್ಯಾಚರಣೆಯಲ್ಲಿ ಅವನಿದ್ದ. ಆಮೇಲೆ 1964ರಲ್ಲಿ 'ದಿ ಆಡಮ್ಸ್ ಫ್ಯಾಮಿಲಿ' ಧಾರಾವಾಹಿಯಲ್ಲಿ ಬೋಳು ತಲೆಯ ಅಂಕಲ್ ಫೆಸ್ಟರ್ ಆಗಿ ಮತ್ತೆ ಮನೆಮಾತಾದ. ಆ ಬಾಬ್ ಕಟ್ ಹುಡುಗ ಇವರೇ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. 1984ರಲ್ಲಿ ಸಾಂಟಾ ಮೋನಿಕಾದಲ್ಲಿ ತೀರಿಕೊಂಡ.

ಊರಿನಲ್ಲಿದ್ದರೆ, ರೀಲ್ಸ್ ಮಾಡುತ್ತಿದ್ದರೆ

ನನ್ನ ಅತ್ತಿಗೆಯ ಮಗ ಬೆಂಗಳೂರಿನಲ್ಲಿ ಒಂದು ಧಾರಾವಾಹಿಯಲ್ಲಿ ಮಾಡುತ್ತಾನೆ. ಭಾರತದಲ್ಲೂ ನಿಯಮ ಇದೆ. ಬಾಲಕಾರ್ಮಿಕ ಕಾನೂನಿನ 2017ರ ನಿಯಮಗಳ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ಇಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಸಂಪಾದನೆಯಲ್ಲಿ ಕಡಿಮೆಯೆಂದರೆ ನೂರಕ್ಕೆ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಎಫ್‌ಡಿ ಇಡಬೇಕು. ಅತ್ತಿಗೆಗೆ ಇದನ್ನು ಹೇಳಿದಾಗ ಅವರಿಗೆ ಯಾರೂ ತಿಳಿಸಿಯೇ ಇರಲಿಲ್ಲ. ಈಗ ಎಫ್‌ಡಿ ರಸೀದಿ ಅವರ ಬೀರುವಿನಲ್ಲಿದೆ.

ಮನೆಯಲ್ಲೇ ಮಗುವಿನ ವಿಡಿಯೋ ಮಾಡಿ ಹಾಕುವವರಿಗೂ ಈಗ ಕಾನೂನು ಬಂದಿದೆ. ಇಲಿನಾಯ್‌ನಲ್ಲಿ 2024ರ ಜುಲೈನಿಂದ, ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ. ದುಡ್ಡು ಬರುವ ವಿಡಿಯೋಗಳಲ್ಲಿ ಮಗು ಇಷ್ಟು ಪಾಲು ಇದ್ದರೆ ಇಷ್ಟು ತೆಗೆದಿಡಬೇಕು ಅಂತ. ಅಲ್ಲಿ ನಿರ್ಮಾಪಕ, ನಿರ್ದೇಶಕ, ಅಪ್ಪ ಅಮ್ಮ ಎಲ್ಲ ನೀವೇ. ಸ್ಟಾಪ್‌ವಾಚ್ ಹಿಡಿದು ಟೈಮ್ ಅನ್ನುವವರು ಯಾರೂ ಇಲ್ಲ.

ಆರು ತಿಂಗಳಿಗೊಮ್ಮೆ ಕೇಳಿ

ಪರ್ಮಿಟ್ ಆರು ತಿಂಗಳಿಗೆ ಮುಗಿಯುತ್ತದೆ ಅಂದೆನಲ್ಲ. ನಾನು ಅದನ್ನೇ ನೆಪ ಮಾಡಿಕೊಂಡೆ. ಫಾರಂ ತುಂಬುವ ಮೊದಲು ಮಗಳನ್ನು ಎದುರಿಗೆ ಕೂರಿಸಿಕೊಂಡು, "ಇನ್ನೂ ಮಾಡ್ತೀಯಾ, ಸಾಕಾ?" ಅಂತ ಕೇಳುತ್ತಿದ್ದೆ. ಕಾರಿನಲ್ಲಿ ಹೋಗುವಾಗ ಕೇಳಬೇಡಿ, ಊಟದ ಮಧ್ಯೆ ಕೇಳಬೇಡಿ. ಕೂತು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ನಮ್ಮ ಮುಖದಲ್ಲಿ ಆಸೆ ಕಾಣಿಸಿದರೂ ಸಾಕು, ಮಕ್ಕಳು ಅದನ್ನು ಓದಿ ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ.

ಎರಡು ಸಲ ಹೂಂ ಅಂದಳು. ಮೂರನೇ ಸಲ ಸ್ವಲ್ಪ ಹೊತ್ತು ಮೇಜಿನ ಅಂಚು ಕೆರೆಯುತ್ತಾ ಕೂತು, "ಸಾಕಮ್ಮಾ, ಹಾಲು ತುಂಬಾ ತಣ್ಣಗಿರುತ್ತೆ" ಅಂದಳು. ಫಾರಂ ಡ್ರಾಯರ್‌ಗೆ ಹೋಯಿತು.

ಈಗ ಅವಳಿಗೆ ಹನ್ನೊಂದು. ಕೂಗನ್ ಖಾತೆಯ ಸ್ಟೇಟ್‌ಮೆಂಟ್ ಇನ್ನೂ ಟಪಾಲಿನಲ್ಲಿ ಬರುತ್ತದೆ, ಲಕೋಟೆಯ ಮೇಲೆ ಅವಳ ಹೆಸರು. ನಾನು ಒಡೆಯುವುದಿಲ್ಲ. ಅವಳೇ ಒಡೆದು, ಬಡ್ಡಿ ಎಷ್ಟು ಬಂತು ಅಂತ ನೋಡಿ, ನೋಟ್‌ಬುಕ್‌ನ ಎಡಗಡೆ ಬರೆಯುತ್ತಾಳೆ. ಹೋದ ತಿಂಗಳು ತಾತನಿಗೆ ವಿಡಿಯೋ ಕಾಲ್ ಮಾಡಿ ಆ ಪುಟ ತೋರಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಕೂಡಿ, 40 ಸೆಂಟ್ ತಪ್ಪಿದೆ ನೋಡು ಅಂದರು. ಇಬ್ಬರೂ ಮತ್ತೆ ಮೊದಲಿನಿಂದ ಕೂಡಿದರು.